ಲಗ್ನಪತ್ರಿಕೆಯ ರಾಣಿ

ನಮ್ಮ ಮನೆಯ ಇಸ್ಪೀಟು ಕಟ್ಟಿನಲ್ಲಿ ಆಟೀನು ರಾಣಿ ಇಲ್ಲ ನೋಡಿ. ಅವಳ ಜಾಗದಲ್ಲಿ ನನ್ನ ಲಗ್ನಪತ್ರಿಕೆಯಿಂದ ಕತ್ತರಿಸಿದ, ಮೂಲೆಗೆ ಅರಿಸಿನ ಹತ್ತಿದ ರಟ್ಟಿನ ತುಂಡೊಂದು, ನನ್ನ ನೆಗೆಣ್ಣಿ ಪೆನ್ಸಿಲಿನಲ್ಲಿ ಬರೆದ ಸೊಟ್ಟ ಮೂಗನ್ನು ಹೊತ್ತು, ಇಷ್ಟು ವರ್ಷದಿಂದ ರಾಣಿಯ ಗತ್ತಿನಲ್ಲೇ ಮೆರೆಯುತ್ತಿದೆ. ಬೆನ್ನು ಕಂಡರೆ ಸಾಕು, ಯಾರ ಕೈಯಲ್ಲಿದ್ದಾಳೆಂದು ಎಲ್ಲರಿಗೂ ಗೊತ್ತು. ಗುಟ್ಟಿನ ಆಟದಲ್ಲಿ ಇಂಥ ಬಯಲು ರಾಣಿಯನ್ನಿಟ್ಟುಕೊಂಡು ಆಡುವವರು ಗಂಗಾವತಿಯಲ್ಲಿ ನಾವೊಬ್ಬರೇ ಇದ್ದೇವು.

ಎಪ್ಪತ್ತರ ದಶಕದ ಕೊನೆಯಲ್ಲಿ ಕುಷ್ಟಗಿಯ ಒಣಬೇಸಾಯದ ಮನೆಯಿಂದ ಕಾಲುವೆ ನೀರಿನ ಗಂಗಾವತಿಗೆ ಸೊಸೆಯಾಗಿ ಬಂದವಳು ನಾನು. ಮಧ್ಯಾಹ್ನ ಮುಸುರೆ ತೊಳೆದಾದ ಮೇಲೆ ಅತ್ತೆ, ನೆಗೆಣ್ಣಿ, ನಾನು ಪಡಸಾಲೆಯಲ್ಲಿ ಹುಣಸೆಬೀಜ ಪಣಕ್ಕಿಟ್ಟು ಮೂರೆಲೆಯಾಟಕ್ಕೆ ಕೂರುತ್ತಿದ್ದೆವು. ಆಗ ಅತ್ತೆಯ ಬಾಯಲ್ಲಿ ಇಂಗ್ಲಿಷು ಅರಳು ಹುರಿದಂತೆ ಸಿಡಿಯಬೇಕು! ಎಲೆ ನೋಡದೆ ಬೀಜ ಹಾಕಿದರೆ ಬ್ಲೈಂಡ್, ಸಾಕಪ್ಪಾ ಎಂದು ಎಲೆ ಮಗುಚಿ ಹಿಂದೆ ಸರಿದರೆ ಪ್ಯಾಕ್, ಕೊನೆಗುಳಿದ ಇಬ್ಬರು ಎಲೆ ಬಿಚ್ಚಿಟ್ಟರೆ ಶೋ. ಅಂತರಪಟ ಸರಿದಾಗಲೇ ಗಂಡನ ಮುಖ ಸರಿಯಾಗಿ ಕಂಡಿದ್ದ ನನಗೆ ಬ್ಲೈಂಡನ್ನು ಯಾರೂ ಕಲಿಸಬೇಕಾಗಿರಲಿಲ್ಲ ಬಿಡಿ.

ಮದುವೆಯಾದ ಮೊದಲ ಪಂಚಮಿ ಬಂತು. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಹೋಗಿ ಜೋಕಾಲಿ ಜೀಕಿ ಉಂಡಿ ತಿನ್ನುವ ಹಬ್ಬ. ಕರೆಯಲು ಬಂದ ನನ್ನಣ್ಣ ಕಟ್ಟೆಯ ಮೇಲೆ ಕೂತಿದ್ದಾನೆ. ಇತ್ತ ಗದ್ದೆಯಲ್ಲಿ ನಾಟಿ ನಡೆದಿದೆ, ಆಳುಗಳಿಗೆ ಬುತ್ತಿ ಕಟ್ಟಲು ಕೈ ಬೇಕು. ನನ್ನ ಜೀವವೋ ಆಗಲೇ ಕುಷ್ಟಗಿಯ ಜೋಕಾಲಿ ಹತ್ತಿತ್ತು. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಇಸ್ಪೀಟು ತೆಗೆದರು.

"ಗೆದ್ದಾಕಿ ತವರಿಗೆ, ಸೋತಾಕಿ ಒಲಿ ಮುಂದ. ಆತಿಲ್ಲೋ?"

"ಆತ್ರಿ ಅತ್ತಿ," ಎಂದೆ.

ತವರು ಅದೇ ಓಣಿಯಲ್ಲಿದ್ದ ನೆಗೆಣ್ಣಿ ನಗುತ್ತ ಮೊದಲೇ ಪ್ಯಾಕಾದಳು. ಎಲೆ ನೋಡಲು ಧೈರ್ಯವಾಗದೆ ನಾನು ಬ್ಲೈಂಡ್ ಮೇಲೆ ಬ್ಲೈಂಡ್ ಹೊಡೆದೆ. ಅತ್ತೆಯ ಬೆರಳ ಸಂದಿಯಿಂದ ಅರಿಸಿನದ ಮೂಲೆ ಇಣುಕುತ್ತಿತ್ತು. "ರಾಣಿ ಅಲ್ಲೇ ಅದಾಳ, ಪ್ಯಾಕ್ ಆಗ ಹುಚ್ಚಿ!" ಎಂದು ನೆಗೆಣ್ಣಿ ತಿವಿದಳು. ಒಬ್ಬಳೇ ರಾಣಿ ಏನು ಮಾಡಿಯಾಳೆಂದು ಶೋ ಕೇಳಿದೆ. ನನ್ನದು ಎಕ್ಕ, ಒಂಬತ್ತು, ನಾಲ್ಕು. ಅತ್ತೆಯ ರಾಣಿಯ ಪಕ್ಕದಲ್ಲಿ ಇನ್ನೊಬ್ಬ ರಾಣಿ! ಜೋಡಿ! ಅದರ ಮುಂದೆ ಒಂಟಿ ಎಕ್ಕ ಯಾವ ಲೆಕ್ಕ?

ನನಗೆ ಅಳುವೇ ಬಂತು. ಅತ್ತೆ ಮಾತ್ರ ದಡಬಡ ಎದ್ದು ಹೊರಗೆ ಹೋಗಿ ನನ್ನಣ್ಣನನ್ನು ಕೇಳಿದರು: "ತಮ್ಮಾ, ನಿಮ್ಮ ಬಸ್ಸು ತಾವರಗೇರಾದ ಮ್ಯಾಲೇ ಹೋಗ್ತೈತಲ್ಲ? ನನ್ನ ಅಲ್ಲಿ ಇಳಿಸಿ ಹೋಗು. ನನ್ನ ತವರ ಐತಿ ಅಲ್ಲಿ. ಗೆದ್ದೀನಿ!"

ತಮಾಷೆಯೆಂದು ನಕ್ಕೆವು. ಟ್ರಂಕಿನಿಂದ ಇಳಕಲ್ ಸೀರೆ ಹೊರಬಂದಾಗ ನಗು ನಿಂತಿತು.

"ನನ್ನ ತಮ್ಮ ಕರಿಯಾಕ ಬರೂದು ಬಿಟ್ಟು ಭಾಳ ವರ್ಷಾತು," ಎಂದರು ಅತ್ತೆ, ನೆರಿಗೆ ಹಿಡಿಯುತ್ತ. "ಕರೀಲಾರದ ಹೆಂಗ ಹೋಗ್ಲಿ? ಈಗ ಗೆದ್ದು ಹೊಂಟೀನಿ, ಯಾರೇನಂತಾರ?"

ಅತ್ತೆಗೂ ಒಂದು ತವರಿರುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ನನ್ನಣ್ಣನ ಪಕ್ಕ ಕಿಟಕಿ ಹಿಡಿದು ಕೂತು ಅವರು ಹೋದರು. ನಾನು ಒಲೆಯ ಮುಂದೆ ಸಿಟ್ಟಿನಿಂದ ರೊಟ್ಟಿ ಬಡಿಯುತ್ತ ಬಡಿಯುತ್ತ, ಯಾವಾಗಲೋ ತಡೆಯಲಾರದೆ ನಗತೊಡಗಿದೆ. ಅವರು ಮರಳಿದಾಗ ಗಂಟಿನಲ್ಲಿ ಉಂಡಿ, ಜೋಕಾಲಿ ಹಗ್ಗ ಹಿಡಿದು ಅಂಗೈಯೆಲ್ಲ ಕೆಂಪು. "ನಡಿ, ಇನ್ನ ನೀ ಹೋಗು," ಎಂದು ನನ್ನನ್ನೂ ಬಸ್ಸು ಹತ್ತಿಸಿದರು.

ಮರುವರ್ಷ ಕಟ್ಟೆಯ ಮೇಲೆ ಇಬ್ಬರು ಕೂತಿದ್ದರು: ನನ್ನಣ್ಣ, ಜೊತೆಗೆ ತಾನಾಗಿಯೇ ಬಂದ ಅತ್ತೆಯ ತಮ್ಮ. ಒಳಗೆ ಅದೇ ನಾಟಿಯ ಬುತ್ತಿ, ಅದೇ ಪಣ. ಅತ್ತೆ ಎಲೆ ಹಂಚಿದರು, ನೆಗೆಣ್ಣಿ ಹೋದ ಸಲದಂತೆ ಮೊದಲೇ ಪ್ಯಾಕಾದಳು. ಈ ಸಲ ರಾಣಿ ನನ್ನ ಪಾಲಿಗೆ ಬಂದಿದ್ದಳು. ಅರಿಸಿನದ ಮೂಲೆ ಕಂಡದ್ದೇ ಅತ್ತೆಯ ಮುಖ ಸಣ್ಣದಾಯಿತು. ನಾನು ಎಲೆ ಎತ್ತಲೇ ಇಲ್ಲ.

"ಪ್ಯಾಕ್ ರೀ, ಅತ್ತಿ."

"ಎಲಿ ನೋಡ್ಲಾರದ ಪ್ಯಾಕ್ ಆಗ್ತಾರೇನ, ಖೋಡಿ!" ಎಂದು ಬೈದ ಅತ್ತೆ, ಆ ಲಗ್ನಪತ್ರಿಕೆಯ ತುಂಡನ್ನು ಸೆರಗಿನಿಂದ ಒರೆಸಿ, ಕಟ್ಟಿನ ಮೇಲಿಟ್ಟು, ಟ್ರಂಕು ತೆರೆಯಲು ಎದ್ದರು.