ಇಂದಾಪುರದಿಂದ ಧನಕವಡಿಗೆ, ಪಲ್ಲವಿಯ ಜೊತೆ

ಸೊಲ್ಲಾಪುರದಲ್ಲಿ ಇಂದಾಪುರದ ಎಸ್‌ಟಿ ಬಸ್ಸು ಹತ್ತಿದಾಗ ಕಂಡಕ್ಟರ್ ನನಗೆ ಅರ್ಧ ಟಿಕೆಟ್ ಕೊಟ್ಟ. ನನಗೆ ಸಂಶಯ ಬಂತು. ಮುಂದೆ ಚೆಕಿಂಗಿನವರು ಹತ್ತಿ ದಂಡ ಹಾಕಿದರೆ? ಹರಕು ಮರಾಠಿಯಲ್ಲಿ ಎರಡು ಸಲ ಕೇಳಿದೆ. ಇಲ್ಲಿ ಹೆಂಗಸರಿಗೆಲ್ಲ ಅರ್ಧ ದರ, ಮಾವಶಿ, ಎಂದು ನಕ್ಕ. ವಿಜಯಪುರದಲ್ಲಿ ನನ್ನದು ಬಳೆ ಅಂಗಡಿ. ಗಿರಾಕಿ ಕೊಟ್ಟ ನೋಟನ್ನು ಅವರೆದುರಿಗೇ ಬೆಳಕಿಗೆ ಹಿಡಿದು ನೋಡುವವಳು ನಾನು. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಹೊರಟಿದ್ದು ತಮ್ಮನ ಮಗಳು ಪಲ್ಲವಿಯನ್ನು ಕರೆತರಲು. ಹದಿನಾರರ ಹುಡುಗಿ. ನಿದ್ದೆ ಗುಳಿಗೆಯ ಚಟಕ್ಕೆ ಬಿದ್ದು, ಇಂದಾಪುರದ ಹೊರಗಿನ ಚಿಕಿತ್ಸಾ ಕೇಂದ್ರದಲ್ಲಿ ಕೆಲವು ತಿಂಗಳು ಇದ್ದಳು. ತಮ್ಮ ಗಿರೀಶ, ಅವನ ಹೆಂಡತಿ ಸುಜಾತಾ ಪುಣೆಯ ಧನಕವಡಿಯಿಂದ ಕಾರು ತಂದಿದ್ದರು. "ಒಂದು ವಾರ ನಮ್ಮ ಮನ್ಯಾಗ ಇರು ಅಕ್ಕಾ. ನಿನ್ನ ಕಣ್ಣು ತಪ್ಪಿಸಿ ಆಕಿ ಏನೂ ಮಾಡಾಂಗಿಲ್ಲ," ಎಂದು ಗಿರೀಶ ಫೋನಿನಲ್ಲಿ ಹೇಳಿದ್ದ. ಅಂದರೆ ನಾನು ಕಾವಲಿಗೆ. ಕೇಂದ್ರದ ಮೇಡಂ ಮಾತ್ರ ಹೊರಡುವ ಮುಂಚೆ ನಮ್ಮನ್ನು ಕೂಡಿಸಿ, ಮಗಳ ಬೆನ್ನ ಹಿಂದೆ ಏನೂ ಮಾಡಬೇಡಿ, ಕೇಳುವುದಿದ್ದರೆ ಅವಳನ್ನೇ ಕೇಳಿ, ಉತ್ತರಕ್ಕೆ ಗಾಬರಿಯಾಗಬೇಡಿ ಎಂದರು. ಸುಜಾತಾ ತಲೆಯಾಡಿಸಿದಳು. ಆ ತಲೆಯಾಟ ನನಗೆ ನಂಬಿಕೆ ಹುಟ್ಟಿಸಲಿಲ್ಲ.

ಪುಣೆಗೆ ಸುಮಾರು ನೂರಾ ನಲವತ್ತು ಕಿಲೋಮೀಟರ್. ಬಿಸಿಲು ಸುಡುತ್ತಿತ್ತು, ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಬಿಡುತ್ತಿರಲಿಲ್ಲ. ಭಿಗವಣ ದಾಟಿ ಒಂದು ಧಾಬಾದಲ್ಲಿ ಮಿಸಳ್ ತಿಂದೆವು. ಖಾರಕ್ಕೆ ಮೂಗು ಸೋರಿತು. ಪಲ್ಲವಿ ಶೌಚಾಲಯಕ್ಕೆ ಹೋದವಳು ಬರಲೇ ಇಲ್ಲ. ಗಿರೀಶ ಚಹಾ ಲೋಟದೊಳಗೆ ನೋಡುತ್ತ ಕುಳಿತ, ಸುಜಾತಾ ಬಾಗಿಲ ಕಡೆ. ನಾನು ಎದ್ದು ಹೋಗಿ ಬಾಗಿಲು ಬಡಿದೆ.

"ಪಲ್ಲವೀ, ಒಳಗ ಏನ್ ಮಾಡಾಕತ್ತಿ?"

"ಅಳಾಕತ್ತೀನಿ ಅತ್ತಿ."

"ಮುಗಿಸಿಕೊಂಡು ಬಾ. ಇಲ್ಲೇ ನಿಂತಿರ್ತೀನಿ."

ಹೊರಗೆ ಬಂದಾಗ ಕಣ್ಣುಗಳು ನಿಜಕ್ಕೂ ಕೆಂಪಾಗಿದ್ದವು. ನೋಡಿಯೇ ನಂಬಿದೆ.

ಧನಕವಡಿಯ ಮನೆ ಮೂರನೆಯ ಮಹಡಿಯಲ್ಲಿ. ಪಲ್ಲವಿಯ ಕೋಣೆಗೆ ಹೊಸ ಬಣ್ಣ ಬಳಿದಿದ್ದರು. "ನಿನ್ನ ಸಲುವಾಗಿ ಬಣ್ಣ ಹಚ್ಚಸೀವಿ ನೋಡು. ನಿನ್ನ ಮ್ಯಾಲೆ ನಮಗ ಪೂರಾ ಭರವಸಾ ಅದ," ಎಂದಳು ಸುಜಾತಾ. ಬಾಗಿಲಿನ ಒಳಚಿಲಕ ಮಾಯವಾಗಿತ್ತು. ಸ್ಕ್ರೂ ತೂತುಗಳ ಮೇಲೂ ಬಣ್ಣ. ಪಲ್ಲವಿ ಆ ತೂತುಗಳ ಮೇಲೆ ಬೆರಳಾಡಿಸಿದಳು.

ಮರುದಿನ ಅವಳು ಸ್ನಾನಕ್ಕೆ ಹೋದಾಗ ಸುಜಾತಾ ಅವಳ ಬ್ಯಾಗು ಅಡುಗೆಮನೆಗೆ ತಂದು ಸುರುವಿದಳು. ಅಷ್ಟರಲ್ಲಿ ಒದ್ದೆ ಕೂದಲಲ್ಲೇ ಹುಡುಗಿ ಬಂದು ನಿಂತಳು.

"ಒಗ್ಯಾಕ ಅರಿವಿ ತಗ್ಯಾಕತ್ತಿದ್ದೆ," ಎಂದಳು ಸುಜಾತಾ.

"ಸುಳ್ಳು, ಮಮ್ಮಿ. ನನ್ನ ವಾಪಸ್ ಇಂದಾಪುರಕ್ಕ ಬಿಟ್ಟು ಬರ್ರಿ. ಅಲ್ಲೆ ನನ್ನ ಮುಂದ ತಗದು ನೋಡತಿದ್ರು."

ಈ ಹುಡುಗಿ ಹೊರಟರೆ ಮತ್ತೆ ಈ ಮನೆಗೆ ಬರುವವಳಲ್ಲ. ಅರಿವೆಯನ್ನೆಲ್ಲ ಬ್ಯಾಗಿಗೆ ತುಂಬಿ ಅವಳ ಕೈಗೆ ಕೊಟ್ಟೆ. "ನನಗೂ ಸಂಶಯ ಅದ ಪಲ್ಲವಿ. ನೀನ ಒಂದೊಂದ ತಗದು ತೋರಸತಿ ಏನು?"

ಪಲ್ಲವಿ ನೆಲದ ಮೇಲೆ ಕುಳಿತು ತೋರಿಸಿದಳು: ಅಂಗಿಗಳು, ಬಾಚಣಿಗೆ, ಅರ್ಧ ತಿಂದ ಶೇಂಗಾ ಚಿಕ್ಕಿ. "ನೀ ಒಬ್ಬಾಕೀನ ಮುಖದ ಮ್ಯಾಲೆ ಕೇಳತಿ," ಎಂದು ಚಿಕ್ಕಿ ಮುರಿದು ನನಗೊಂದು ತುಂಡು ಕೊಟ್ಟಳು. ಸುಜಾತಾಳಿಗೆ ಹೇಳಿದೆ: "ಚಿಲಕ ಕಿತ್ತೀರಿ, ಕಿತ್ತೀವಿ ಅಂತ ಹೇಳ್ರಿ. ನಂಬಿಕಿ ಇಲ್ಲದಿದ್ರ ಇಲ್ಲ ಅನ್ರಿ." ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ವಾರ ಕಳೆದು ಸ್ವಾರಗೇಟ್ ನಿಲ್ದಾಣದಲ್ಲಿ ವಿಜಯಪುರದ ಬಸ್ಸು ಹತ್ತಿದೆ. ತಾಯಿ, ಮಗಳು ಕಿಟಕಿಯ ಕೆಳಗೆ ನಿಂತಿದ್ದರು. ಎದುರಿಗೆ ಔಷಧಿ ಅಂಗಡಿ. ಪಲ್ಲವಿಯ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಸುಜಾತಾ ಅದನ್ನು ಕಂಡಳು. ಈಗ ಬಿಸಿಲಿನ ನೆಪ ಹೇಳಿ ಎಳೆದುಕೊಂಡು ಹೋಗುತ್ತಾಳೆ ಅಂದುಕೊಂಡೆ.

"ಗುಳಿಗಿ ಬೇಕನಸಾಕತ್ತದೇನ?" ಎಂದು ಕೇಳಿದಳು.

"ಹೌದು ಮಮ್ಮಿ. ಈಗ ಭಾಳ ಅನಸಾಕತ್ತದ."

ಸುಜಾತಾಳ ಮುಖ ಬಿಳಿಚಿತು. ಆದರೂ ಕೈ ಚಾಚಿದಳು. "ಹಂಗಾರ ನನ್ನ ಕೈ ಹಿಡಿ."

ಬಸ್ಸು ಹೊರಟಿತು. ತಿರುವಿನವರೆಗೂ ಹಿಂತಿರುಗಿ ನೋಡುತ್ತಲೇ ಇದ್ದೆ, ಇಬ್ಬರಲ್ಲಿ ಯಾರಾದರೂ ಕೈ ಬಿಟ್ಟರೇನೋ ಎಂದು. ಬಿಟ್ಟಿರಲಿಲ್ಲ.