ಒಂದೇ ದಂಡೆ, ಮೂರು ಉದ್ದ

ಪ್ರತಿ ವರ್ಷ ಜ್ವಾಲಾಮುಖಿಯೇ ಗೆಲ್ಲುತ್ತದೆ. ಮಣ್ಣಿನ ಗುಡ್ಡ, ಒಳಗೆ ಅಡುಗೆ ಸೋಡಾ, ಮೇಲೆ ಇಂಡಿ ತಾಲ್ಲೂಕಿನ ಲಿಂಬೆಹಣ್ಣಿನ ರಸ, ಬುರುಬುರು ಕೆಂಪು ನೊರೆ, ಚಪ್ಪಾಳೆ. ಸಿಂದಗಿಯಿಂದ ಮುದ್ದೇಬಿಹಾಳದವರೆಗೆ ಹುಡುಕಿದರೂ ಬೆಂಕಿ ಉಗುಳುವ ಗುಡ್ಡ ಒಂದೂ ಸಿಗುವುದಿಲ್ಲ. ಆದರೂ ವಿಜ್ಞಾನ ಪ್ರದರ್ಶನವೆಂದರೆ ನಮ್ಮವರಿಗೆ ಅದೇ. ನೆನೆದರೆ ಮೈ ಉರಿಯುತ್ತದೆ.

ನಾನು ಕೊಲ್ಹಾರದಲ್ಲಿ ಗಣಿತ ಕಲಿಸುತ್ತೇನೆ. ಅಲ್ಲಿ ಅಣೆಕಟ್ಟಿನ ಹಿನ್ನೀರಿನ ದಂಡೆ ನೆಟ್ಟಗಿಲ್ಲ. ದೊಡ್ಡ ತಿರುವಿನೊಳಗೆ ಸಣ್ಣ ತಿರುವು, ಅದರೊಳಗೆ ಮತ್ತೂ ಸಣ್ಣದು. ಹತ್ತಿರ ಹೋದಷ್ಟೂ ಅದೇ ಅಂಕುಡೊಂಕು. ಹೀಗೆ ತುಂಡಿನಲ್ಲೂ ಹೆಚ್ಚುಕಡಿಮೆ ಇಡೀ ವಸ್ತುವಿನ ರೂಪವೇ ಕಾಣುವ ಆಕಾರಕ್ಕೆ ಫ್ರ್ಯಾಕ್ಟಲ್ ಎನ್ನುತ್ತಾರೆ ಎಂದು ಎಂಟನೆಯ ತರಗತಿಗೆ ಹೇಳಿದ್ದೆ. ಮೀನು ಹಿಡಿಯುವವರ ಮನೆಯ ಹುಡುಗಿಯೊಬ್ಬಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಮನೆಯ ಹಿಂದಿನ ದಂಡೆಯನ್ನು ಮೊದಲು ಮಾರುದ್ದದ ಕೋಲಿನಿಂದ ಅಳೆದಳು, ಆಮೇಲೆ ಮೊಳದ ಕೋಲಿನಿಂದ, ಕೊನೆಗೆ ಗೇಣುದ್ದದ ಕಡ್ಡಿಯಿಂದ. ಎಲ್ಲವನ್ನೂ ಮೀಟರಿಗೆ ತಂದು ನೋಡಿದರೆ ಪ್ರತಿ ಸಲವೂ ಉದ್ದ ಹೆಚ್ಚಿತ್ತು. ಉದ್ದನೆಯ ಕೋಲು ದಾಟಿಬಿಟ್ಟ ಸಂದುಗಳೊಳಗೆ ಕಡ್ಡಿ ಇಳಿಯುತ್ತದಲ್ಲ, ಅದಕ್ಕೆ. ರಟ್ಟಿನ ಮೇಲೆ ದಂಡೆಯ ಚಿತ್ರ ಬಿಡಿಸಿ ಕೆಳಗೆ ಮೂರೂ ಉತ್ತರ ಬರೆದಳು. ವಿಜಯಪುರದ ಜಿಲ್ಲಾ ಪ್ರದರ್ಶನಕ್ಕೆ ಹೋಗಬೇಕೆಂದು ಅವಳಿಗೆ ಬಹಳ ಆಸೆಯಿತ್ತು.

ಮೊದಲು ಬಸವನ ಬಾಗೇವಾಡಿಯಲ್ಲಿ ಆಯ್ಕೆ. ತೀರ್ಪುಗಾರರು ಚಿತ್ರವನ್ನು ಮೆಚ್ಚಿದರು, ಉತ್ತರ ಓದಿ ನಕ್ಕರು.

“ಒಂದ ದಂಡಿಗೆ ಮೂರು ಉದ್ದ ಹೆಂಗ ಇರ್ತಾವು? ಎರಡು ಅಳಿಸು, ಒಂದ ಇಡು. ವಿಜಯಪುರಕ್ಕ ಕಳಸ್ತೇನಿ.”

ನಾನು ಬಾಯಿ ತೆರೆದೆ. ಶಿಕ್ಷಕರು ನಡುವೆ ಮಾತಾಡುವಂತಿಲ್ಲ ಎಂದು ಅವರು ಕೈ ಎತ್ತಿ ತಡೆದರು. ಹುಡುಗಿ ರಬ್ಬರ್ ತೆಗೆದುಕೊಂಡು ಹಾಗೇ ನಿಂತಳು.

“ಅಳಸ್ತೇನ್ರಿ ಸರ್. ಯಾವ ಎರಡು ಸುಳ್ಳು ಅನ್ನೂದು ನೀವ ಹೇಳ್ರಿ.”

ಅವಳು ನಿಜವಾಗಿ ಕೇಳಿದ್ದಳು. ಆ ಮಹಾಶಯರಿಗೆ ಅದು ಎದುರುಮಾತಾಗಿ ಕೇಳಿಸಿತು. ಮುಖ ಗಂಟಿಕ್ಕಿಕೊಂಡು ಪಕ್ಕದ ಟೇಬಲ್ಲಿಗೆ ಹೋದರು. ಅಲ್ಲಿ ನೊರೆ ಉಕ್ಕುತ್ತಿತ್ತು. ವಿಜಯಪುರಕ್ಕೆ ಹೋದದ್ದೂ ಅದೇ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ರಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ತೀರ್ಪುಗಾರರನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಕೊಲ್ಹಾರ ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು:

“ಟೀಚರ್, ಎರಡು ಅಳಸಿದ್ರ ನಾನು ಹೋಗ್ತಿದ್ನಲ್ರಿ?”

ಹೌದು, ನೀನು ಹೋಗುತ್ತಿದ್ದೆ ಎಂದೆ. ನಾನು ಅವಳಿಗೆ ಕಲಿಸಿದ್ದು ಬೇರೆ, ಆ ದಿನ ಅವಳು ಕಲಿತದ್ದು ಬೇರೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.