ಜುವೈರಿಯಾ ಹೊಲಿದ ಕಂಪ್ಯೂಟರ್

ಜುವೈರಿಯಾ ಮದುವೆಯಾಗಿ ಉಚ್ಚಿಲಕ್ಕೆ ಬಂದಾಗಿನಿಂದ ಆ ಮನೆಗೆ ಬೇಕಾದದ್ದೂ ಬೇಡವಾದದ್ದೂ ದುಬೈಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತಿತ್ತು. ತರುವವನು ಗಂಡ ಶಿಹಾಬನ ತಮ್ಮ ನವಾಝ್. ಒಳ್ಳೆಯ ಮನುಷ್ಯ, ಕೈ ದೊಡ್ಡದು. ಆದರೆ ಯಾರಿಗೆ ಏನು ಬೇಕು ಎಂದು ಕೇಳುವ ಅಭ್ಯಾಸ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ. ಮಿಕ್ಸಿ ಇದ್ದ ಮನೆಗೆ ಇನ್ನೊಂದು ಮಿಕ್ಸಿ ಬಂತು. ಇಸ್ತ್ರಿಪೆಟ್ಟಿಗೆ ಬಂತು, ಅದರ ಪ್ಲಗ್ಗು ಮನೆಯ ಯಾವ ಗೋಡೆಯ ತೂತಿಗೂ ಹೋಗಲಿಲ್ಲ. ಜುವೈರಿಯಾಳ ಪಾದಕ್ಕಿಂತ ಒಂದು ಬೆರಳು ಉದ್ದದ ಚಪ್ಪಲಿಗಳು ವರ್ಷ ವರ್ಷವೂ ಬಂದವು. ಅವಳು ಪ್ರತಿ ಸಲ "ತುಂಬಾ ಚಂದ ಉಂಟು ನವಾಝ್" ಎಂದು ಹೇಳಿ, ಚಪ್ಪಲಿಯ ತುದಿಗೆ ಹತ್ತಿ ತುರುಕಿ ಓಡಾಡಿದಳು. ಬಂದದ್ದನ್ನು ಬೇಡ ಅನ್ನುವುದು ಆ ಮನೆಯ ರೀತಿಯಲ್ಲ.

ಆದರೆ ಪೇಟೆಯಲ್ಲಿದ್ದ ಹೊಲಿಗೆ ಅಂಗಡಿ ಅವಳದೇ. ಅಂಗಡಿ ಅನ್ನುವುದು ಮರ್ಯಾದೆಗೆ; ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ಮೆಟ್ಟಿಲ ಮೇಲೆ ನಿಲ್ಲಬೇಕು. ಮದುಮಗಳ ಬಟ್ಟೆ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಕಾಪುವಿನಿಂದ ಪಡುಬಿದ್ರಿಯವರೆಗೆ ಯಾರೂ ಇರಲಿಲ್ಲ. ಬಟ್ಟೆಯ ಮೇಲೆ ತಾನೇ ಕಸೂತಿ ಹಾಕುವ ಒಂದು ಎಂಬ್ರಾಯ್ಡರಿ ಮೆಷಿನನ್ನೂ ದುಡಿದ ಹಣದಲ್ಲಿ ಕೊಂಡಿದ್ದಳು. ಮಂಗಳೂರಿನಿಂದ ಸಿದ್ಧ ಡಿಸೈನುಗಳನ್ನು ಪೆನ್‌ಡ್ರೈವಿನಲ್ಲಿ ತಂದು ಸಿಕ್ಕಿಸಿದರೆ ಮೆಷಿನು ಹೊಲಿಯುತ್ತಿತ್ತು. ಎಲ್ಲ ಮದುಮಗಳಂದಿರ ಮುಸುಕಿನ ಮೇಲೂ ಅದೇ ಗುಲಾಬಿ, ಅದೇ ನವಿಲು.

ಹಾಗಿರುವಾಗ ಒಂದು ದಿನ ಝೈನಬ್ ಎಂಬ ಹೆಂಗಸು ಮಗಳು ಜುಮಾನಾಳನ್ನು ಕರೆದುಕೊಂಡು ಬಂದಳು. ಹುಡುಗಿಗೆ ಕಾರ್ಕಳದಲ್ಲಿ ಸಂಬಂಧ ಕೂಡಿತ್ತು. ಮೆರೂನ್ ಮಖಮಲ್ಲಿನ ಗೌನು, ಅದರ ಮೇಲೆ ನೆಟ್ ಬಟ್ಟೆಯ ಮುಸುಕು ಎಂದು ಮಾತಾಯಿತು. ಮುಸುಕಿಗೆ ಯಾವ ಹೂವು ಎಂದು ಕೇಳಿದಾಗ ಜುಮಾನಾ ಹೇಳಿದಳು.

"ಗುಳ್ಳದ ಹೂವು."

ಝೈನಬ್ ಹಣೆ ಚಚ್ಚಿಕೊಂಡಳು. "ಕೇಳಿದಿರಾ ಇವಳ ಮಾತು? ಮದುಮಗಳ ತಲೆ ಮೇಲೆ ಬದನೆಯಾ? ಕಾರ್ಕಳದವರು ಎಂತ ಹೇಳಿಯಾರು?"

ಹುಡುಗಿಯ ತಂದೆ ಉಡುಪಿಯ ಮಾರುಕಟ್ಟೆಯಲ್ಲಿ ಮಟ್ಟುಗುಳ್ಳದ ವ್ಯಾಪಾರಿ. ಚಿಕ್ಕಂದಿನಲ್ಲಿ ರಜೆ ಬಂದರೆ ಅವಳು ಅಪ್ಪನ ಪಿಕಪ್ ಹತ್ತಿ ಮಟ್ಟುವಿನ ಗದ್ದೆಗಳಿಗೆ ಹೋಗುತ್ತಿದ್ದಳಂತೆ. ನೇರಳೆ ಬಣ್ಣದ ಹೂವು, ನಡುವೆ ಹಳದಿ. "ಅಷ್ಟು ಚಂದದ್ದು ಬೇರೆ ಎಲ್ಲಿ ಉಂಟು ಅಕ್ಕ?" ಎಂದು ಅವಳು ಕೇಳಿದ ರೀತಿಗೆ ಜುವೈರಿಯಾ ಸೋತುಹೋದಳು. "ಮಾಡಿಕೊಡ್ತೇನೆ" ಎಂದು ಬಾಯಿಂದ ಬಂದೇಬಿಟ್ಟಿತು. ಝೈನಬ್ ಒಂದೇ ಷರತ್ತು ಹಾಕಿದಳು: ಹೂವಿರಲಿ, ಮುಳ್ಳು ಮಾತ್ರ ಬೇಡ.

ಮಂಗಳೂರು ಬಿಡಿ, ಸೂರತ್ತಿನ ಕ್ಯಾಟಲಾಗಿನಲ್ಲಿಯೂ ಗುಳ್ಳದ ಹೂವು ಇರಲಿಲ್ಲ. ಅದನ್ನು ತಾನೇ ಬಿಡಿಸಬೇಕು, ಒಂದೊಂದು ಹೊಲಿಗೆಯನ್ನೂ ತಾನೇ ಕೂರಿಸಬೇಕು. ಅದಕ್ಕೊಂದು ಕಂಪ್ಯೂಟರ್ ಬೇಕು. ಸುದ್ದಿ ಹೇಗೋ ದುಬೈ ಮುಟ್ಟಿತು. "ನನ್ನದೊಂದು ಲ್ಯಾಪ್‌ಟಾಪ್ ಉಂಟು ಅತ್ತಿಗೆ, ರಜೆಗೆ ಬರುವಾಗ ತರ್ತೇನೆ" ಎಂದ ನವಾಝ್. "ಆಯಿತು, ನೋಡುವ" ಎಂದಳು ಜುವೈರಿಯಾ. ಫೋನಿಟ್ಟವಳೇ ಗಂಡನ ಕಡೆ ತಿರುಗಿದಳು.

"ಇದೊಂದು ನಾನೇ ಆರಿಸ್ತೇನೆ."

ಹೆದ್ದಾರಿ ಬದಿಯಲ್ಲಿ ಹಣ್ಣಿನಂಗಡಿ ಇಟ್ಟಿದ್ದ ಶಿಹಾಬ್ ಜಗಳಕ್ಕೆ ಹೋಗುವವನಲ್ಲ. "ಆರಿಸು. ಹಾಳಾದರೆ?"

"ಹಾಳಾದರೆ ಇನ್ನು ಮುಂದೆ ಬಾಯಿ ಮುಚ್ಚಿಕೊಂಡು ಪೆಟ್ಟಿಗೆಯಲ್ಲಿ ಬಂದದ್ದನ್ನೇ ಬಳಸ್ತೇನೆ. ಸರಿಯಾ?"

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಆಡಿದ ಮೇಲೆ ಆಯಿತಲ್ಲ. ಅವಳು ಮಾತು ತಪ್ಪುವವಳಲ್ಲ.

ಕಂಪ್ಯೂಟರ್ ಚಿಕ್ಕದಿರಬೇಕು, ಯಾಕೆಂದರೆ ಅಂಗಡಿಯಲ್ಲಿ ಜಾಗವಿಲ್ಲ. ಸಂಜೆ ಸ್ಕೂಟರಿನ ಕಾಲ ಬಳಿ ಇಟ್ಟು ಮನೆಗೆ ಒಯ್ಯುವ ಹಾಗಿರಬೇಕು, ಯಾಕೆಂದರೆ ಅಂಗಡಿಯ ಶಟರಿನ ಅಡಿಯಲ್ಲಿ ರಾತ್ರಿಯಿಡೀ ಕಡಲಗಾಳಿ ನುಗ್ಗುತ್ತದೆ. ಒಂದು ಮದುಮಗಳ ಬಟ್ಟೆಯ ಮಜೂರಿಯೊಳಗೆ ಎಲ್ಲ ಮುಗಿಯಬೇಕು. ಉಡುಪಿಯಲ್ಲಿ ಒಬ್ಬರು ಕಚೇರಿಗಳಿಂದ ಬಂದ ಡಬ್ಬಿಯಂಥ ಹಳೆಯ ಚಿಕ್ಕ ಕಂಪ್ಯೂಟರುಗಳನ್ನು ಅಗ್ಗಕ್ಕೆ ಮಾರುತ್ತಿದ್ದರು. ಜುವೈರಿಯಾಳಿಗೆ ಮನಸ್ಸಾಗಿತ್ತು. "ಮುಚ್ಚಳ ತೆಗೆದು ತೋರಿಸಿ" ಎಂದಳು. ಸೀಲ್ ಉಂಟು, ತೆಗೆಯಲಿಕ್ಕಾಗುವುದಿಲ್ಲ ಎಂದರು. ರವಿಕೆಯ ಒಳಮಗ್ಗುಲು ಹೊರಗೆ ಮಾಡಿ ಹೊಲಿಗೆ ನೋಡದೆ ಯಾವತ್ತೂ ಕೊಳ್ಳದವಳು ಅವಳು. ಎದ್ದು ಬಂದಳು.

ಆಮೇಲೆ ಅವಳಿಗೆ ಮಣಿಪಾಲ ನೆನಪಾಯಿತು. ಕೊನೆಯ ಪರೀಕ್ಷೆ ಮುಗಿದೊಡನೆ ಅಲ್ಲಿನ ವಿದ್ಯಾರ್ಥಿಗಳು ಸೈಕಲ್, ಹಾಸಿಗೆ, ಕೂಲರ್, ಕಂಪ್ಯೂಟರ್ ಎಲ್ಲ ಮಾರಿ ಕೈಬೀಸಿಕೊಂಡು ಊರಿಗೆ ಹೋಗುತ್ತಾರೆ. ಹೀಗೆ ಅಲೆವೂರಿನ ಬಾಡಿಗೆ ಕೋಣೆಯೊಂದರಲ್ಲಿ ಮೈಸೂರಿನ ಸಂಹಿತಾ ಸಿಕ್ಕಿದಳು. ಹುಡುಗಿ ತನ್ನ ಕಂಪ್ಯೂಟರಿನ ಬೋರ್ಡು, ಪ್ರೊಸೆಸರ್, ಫ್ಯಾನು, ಡಿಸ್ಕು, ಪುಟ್ಟ ಪವರ್ ಸಪ್ಲೈ, ಪರದೆ ಎಲ್ಲವನ್ನೂ ಚಾಪೆಯ ಮೇಲೆ ಹರಡಿ, ಯಾವುದು ಏನು ಮಾಡುತ್ತದೆ ಎಂದು ತಾಳ್ಮೆಯಿಂದ ಹೇಳಿದಳು. ಪ್ರೊಸೆಸರ್ ಚಿತ್ರ ತೋರಿಸುವ ಕೆಲಸವನ್ನೂ ತಾನೇ ಮಾಡುತ್ತದೆ, ಅದಕ್ಕೆಂದು ಬೇರೆ ದುಬಾರಿ ಕಾರ್ಡು ಬೇಡ. ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಇದನ್ನು ಕೇಳಿದ್ದೇ ಜುವೈರಿಯಾಳ ಮುಖ ಅರಳಿತು. "ಹೊಲಿಗೆ ಮೆಷಿನಿನ ಹಾಗೆ ಅಲ್ವಾ" ಎಂದಳು.

ಬೋರ್ಡು ಸಣ್ಣದೇ, ಹದಿನೇಳು ಸೆಂಟಿಮೀಟರ್ ಚೌಕ. ಆದರೆ ಅದು ಕೂತಿದ್ದ ಪೆಟ್ಟಿಗೆ ಸೂಟ್‌ಕೇಸಿನಷ್ಟು ಇತ್ತು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಕೊಂಡಳು. ಮನೆಗೆ ಬಂದು ನ್ಯೂಸ್‌ಪೇಪರ್ ಹರಡಿ, ಟೇಪು ಹಿಡಿದು, ಬ್ಲೌಸಿಗೆ ಹೇಗೋ ಹಾಗೆ ಕಂಪ್ಯೂಟರಿಗೊಂದು ಕಾಗದದ ಅಂಗಿ ಕತ್ತರಿಸಿದಳು. ಫ್ಯಾನಿನ ಎತ್ತರ ಅಳೆದಳು, ವಯರು ಮಡಚಲು ಜಾಗ ಬಿಟ್ಟಳು, ಸುತ್ತ ಎರಡು ಬೆರಳು ಲೂಸ್ ಇಟ್ಟಳು. ಆ ಕಾಗದವನ್ನು ತೆಗೆದುಕೊಂಡು ಕಾಪುವಿಗೆ ಹೋದಳು. ಅಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವ ವಿಲ್ಫ್ರೆಡ್ ಪೊರ್ಬುಗಳು ಕನ್ನಡಕ ಏರಿಸಿ ನೋಡಿದರು.

"ಇದು ಎಂತ ಮಾರಾಯ್ತಿ, ಯಾರಿಗೆ ಅಂಗಿ?"

"ಕಂಪ್ಯೂಟರಿಗೆ. ಎರಡೂ ಬದಿಗೆ ಜಾಲರಿಯ ಹಾಗೆ ತೂತು ಬೇಕು, ಗಾಳಿ ಒಂದು ಕಡೆಯಿಂದ ಒಳಗೆ, ಇನ್ನೊಂದು ಕಡೆಯಿಂದ ಹೊರಗೆ."

"ಇಷ್ಟು ತೂತು ಹೊಡೆಯಲಿಕ್ಕೆ ನನ್ನ ಜನ್ಮ ಸಾಲದು."

"ಕಡಿಮೆ ಹೊಡೆದರೆ ತೆಗೆದುಕೊಳ್ಳುವುದಿಲ್ಲ ಪೊರ್ಬುಗಳೇ."

ಪೊರ್ಬುಗಳು ಗೊಣಗುತ್ತಲೇ ಹೊಡೆದರು. ಜುವೈರಿಯಾ ಜಪ್ಪಯ್ಯ ಅಂದರೂ ಜಗ್ಗದೆ ಪಕ್ಕದಲ್ಲೇ ನಿಂತಿದ್ದಳು.

ಭಾನುವಾರ ಅಂಗಡಿಯ ಕತ್ತರಿ ಮೇಜಿನ ಮೇಲೆ ಕಂಪ್ಯೂಟರ್ ತಯಾರಾಯಿತು. ಮೈಸೂರು ಸೇರಿದ್ದ ಸಂಹಿತಾ ಫೋನಿನಲ್ಲಿ ಹೇಳುತ್ತ ಹೋದಳು, ಜುವೈರಿಯಾ ಹೊಲಿಗೆ ಮೆಷಿನಿನ ಸ್ಕ್ರೂಡ್ರೈವರಿನಲ್ಲಿ ತಿರುಗಿಸುತ್ತ ಹೋದಳು. ಪ್ರೊಸೆಸರ್ ಮೇಲೆ ಬಿಸಿಯನ್ನು ಫ್ಯಾನಿಗೆ ದಾಟಿಸುವ ಬೂದುಬಣ್ಣದ ಅಂಟು ಒಂದು ಬಟಾಣಿಯಷ್ಟೇ ಹಾಕಿ, ಅದರ ಮೇಲೆ ಫ್ಯಾನು ಕೂರಿಸಿದಳು. ಜರ್ದೋಸಿ ಕಸೂತಿಗೆ ಮಣಿ ಪೋಣಿಸಿದ ಕೈ ಅದು. ಬಟನ್ ಒತ್ತಿದಾಗ ಫ್ಯಾನು ಸುಯ್ ಎಂದಿತು, ಪರದೆ ಬೆಳಗಿತು. ಜುವೈರಿಯಾಳಿಗೆ ಆದ ಖುಷಿ ಅಷ್ಟಿಷ್ಟಲ್ಲ. ಶಿಹಾಬನ ಅಂಗಡಿಗೆ ಓಡಿ, ಗಿರಾಕಿಗಳ ಎದುರಿಗೇ ಅವನ ಕೈಹಿಡಿದು ಎಳೆದುಕೊಂಡು ಬಂದಳು. ತೂಕ ಮಾಡುತ್ತಿದ್ದ ಮೂಸಂಬಿ ಅವನ ಕೈಯಲ್ಲೇ ಇತ್ತು.

ಒಂದು ವಾರ ಎಲ್ಲವೂ ಹೂವಿನ ಹಾಗೆ ನಡೆಯಿತು. ಅವಳು ಮಟ್ಟುವಿಗೆ ಹೋಗಿ ಗುಳ್ಳದ ಹೂವಿನ ಫೋಟೊ ತಂದು, ಎಸಳಿನ ಮಡಿಕೆಯನ್ನು ಪರದೆಯ ಮೇಲೆ ಒಂದೊಂದೇ ಹೊಲಿಗೆಯಾಗಿ ಕೂರಿಸತೊಡಗಿದಳು. ಆಮೇಲೆ ಅವಳಿಗೆ ಒಂದು ಬುದ್ಧಿ ಬಂತು.

ನಮ್ಮ ಕಡೆ ಮನೆಗೊಂದು ಹೊಸ ವಸ್ತು ಬಂದರೆ ಮೊದಲು ಅದಕ್ಕೊಂದು ಬಟ್ಟೆ ತೊಡಿಸುತ್ತಾರೆ. ಮಿಕ್ಸಿಗೆ ಕವರು, ಗ್ರೈಂಡರಿಗೆ ಕವರು, ಫ್ರಿಜ್ಜಿಗೆ ಕವರು, ಫ್ರಿಜ್ಜಿನ ಹಿಡಿಗೆ ಬೇರೆ ಕವರು. ಹೊಲಿಗೆಯವಳ ಸ್ವಂತ ಕಂಪ್ಯೂಟರ್ ಬರಿಮೈಯಲ್ಲಿ ಇರಬಹುದೇ? ಅಲ್ಲದೆ ಅಂಗಡಿಯ ತುಂಬ ನೂಲಿನ ಧೂಳು, ಹೊರಗೆ ಉಪ್ಪುಗಾಳಿ. ಜುಮಾನಾಳ ಗೌನಿನಲ್ಲಿ ಉಳಿದ ಮಖಮಲ್ಲು ಇತ್ತು. ಒಳಗೆ ಸ್ಪಂಜು ಕೊಟ್ಟು, ಅಂಚಿಗೆ ಎಲಾಸ್ಟಿಕ್ ಹಾಕಿ, ಬಟನಿಗೊಂದು ಕಿಂಡಿ, ವಯರಿಗೊಂದು ಕಿಂಡಿ ಬಿಟ್ಟು, ಮೈಗಂಟಿದ ಹಾಗೆ ಹೊಲಿದು ತೊಡಿಸಿದಳು. ಕೆಲಸ ಮಾಡುವಾಗಲೂ ತೆಗೆಯಬೇಕಿಲ್ಲ. ನೋಡಿದವರೆಲ್ಲ ಹೊಗಳಿದರು.

ಮರುದಿನದಿಂದ ಕಂಪ್ಯೂಟರ್ ಕೈಕೊಡತೊಡಗಿತು. ಎರಡು ಎಸಳು ಮುಗಿಯುವಷ್ಟರಲ್ಲಿ ಪರದೆ ಕಪ್ಪು. ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಸಂಹಿತಾಳಿಗೆ ಫೋನು ಹೋಯಿತು.

"ಗಾಳಿ ಆಡೋಕೆ ಜಾಗ ಇದೆಯಾ ಆಂಟಿ?"

"ಎರಡೂ ಬದಿಗೆ ತೂತು ಹೊಡೆಸಿದ್ದೇನೆ ಮಗಾ, ಲೆಕ್ಕವಿಲ್ಲದಷ್ಟು."

"ಫ್ಯಾನ್ ತಿರುಗ್ತಾ ಇದೆಯಾ?"

"ಜೋರಾಗಿ."

ಹಾಗಾದರೆ ಪವರ್ ಸಪ್ಲೈ ಇರಬಹುದು ಎಂದಳು ಸಂಹಿತಾ. ಕರೆಂಟಿನದ್ದು ಎಂದ ಶಿಹಾಬ್. ಹಳೆಯ ಸಾಮಾನು ಅಂದರೆ ಹೀಗೆಯೇ ಎಂದರು ಯಾರೂ ಅಭಿಪ್ರಾಯ ಕೇಳದಿದ್ದವರೂ. ಕವರಿನ ಮೇಲೆ ಕೈಯಿಟ್ಟರೆ ತಣ್ಣಗೇ ಇತ್ತು; ಸ್ಪಂಜು ಒಳಗಿನ ಸುದ್ದಿಯನ್ನು ಹೊರಗೆ ಬಿಡುತ್ತಿರಲಿಲ್ಲ. ಮದುವೆ ಹತ್ತಿರ ಬರುತ್ತಿತ್ತು. ಅಷ್ಟರಲ್ಲಿ ನವಾಝ್ ರಜೆಗೆ ಬಂದಿಳಿದ, ಬಂದವನೇ ಅಂಗಡಿಯ ಮೇಜಿನ ಮೇಲೆ ಟೇಪು ಸುತ್ತಿದ ಲ್ಯಾಪ್‌ಟಾಪ್ ಪೆಟ್ಟಿಗೆ ಇಟ್ಟ. "ಸುಮ್ಮನೆ ತಲೆಬಿಸಿ ಮಾಡಿಕೊಂಡಿರಿ ಅತ್ತಿಗೆ. ನಾನು ಹೇಳಿರಲಿಲ್ವಾ?" ಎಂದ. ಪ್ರೀತಿಯಿಂದಲೇ ಹೇಳಿದ್ದು. ಜುವೈರಿಯಾ ಎಂದಿನ ಹಾಗೆ "ಚಂದ ಉಂಟು" ಎಂದಳು. ಆ ಪೆಟ್ಟಿಗೆ ತೆರೆದರೆ ಮುಗಿಯಿತು, ಇನ್ನು ಜೀವಮಾನವಿಡೀ ಹತ್ತಿ ತುರುಕಿದ ಚಪ್ಪಲಿಯೇ ಎಂದು ಅವಳಿಗೆ ಗೊತ್ತಿತ್ತು. ನಾಳೆ ತೆರೆಯುತ್ತೇನೆ ಎಂದುಕೊಂಡಳು.

ಮರುದಿನ ಬೆಳಗ್ಗೆ ಜುಮಾನಾ ಗೌನಿನ ಟ್ರಯಲ್‌ಗೆ ಬಂದಳು. ಮೂಲೆಯ ಬಟ್ಟೆ ಮರೆಯ ಹಿಂದೆ ಹೋಗಿ ತೊಟ್ಟು ಹೊರಗೆ ಬಂದವಳ ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು.

"ಅಕ್ಕ, ಇದರೊಳಗೆ ನಾನು ಬೇಯ್ತಾ ಇದ್ದೇನೆ. ಗಾಳಿಯೇ ಇಲ್ಲ. ಮದುವೆ ದಿನ ಬಿದ್ದೇಹೋಗ್ತೇನೆ."

"ಮಖಮಲ್ಲು ಅಲ್ವಾ, ಅದರ ಕೆಳಗೆ ದಪ್ಪ ಲೈನಿಂಗ್ ಬೇರೆ. ನಿಲ್ಲು, ಬಿಡಿಸಿ ಕೊಡ್ತೇನೆ" ಎಂದು ಕತ್ತರಿಗೆ ಕೈಚಾಚಿದ ಜುವೈರಿಯಾ ಅಲ್ಲೇ ನಿಂತಳು. ಕತ್ತರಿಯ ಪಕ್ಕದಲ್ಲಿ, ಆಗಷ್ಟೇ ಮತ್ತೆ ಆರಿಹೋದ ಕಂಪ್ಯೂಟರ್ ಕೂತಿತ್ತು. ಅದೇ ಥಾನಿನ ಮೆರೂನ್ ಮಖಮಲ್ಲು, ಅದರ ಕೆಳಗೆ ಸ್ಪಂಜು. ಪೊರ್ಬುಗಳು ಜನ್ಮ ತೇದು ಹೊಡೆದ ತೂತುಗಳೆಲ್ಲ ಅದರ ಹಿಂದೆ.

"ಅಯ್ಯೋ ನನ್ನ ಮಂಡೆಯೇ" ಎಂದಳು.

ಎಲಾಸ್ಟಿಕ್ ಹಿಡಿದು ಎಳೆದಾಗ ಒಳಗಿನಿಂದ ಕಾದ ಬಾಣಲೆಯ ಹಾಗೆ ಬಿಸಿ ಮುಖಕ್ಕೆ ಹೊಡೆಯಿತು. ಕವರನ್ನು ಕೈಯಲ್ಲಿ ಹಿಡಿದುಕೊಂಡು ಜುವೈರಿಯಾ ನಕ್ಕಳು, ನಕ್ಕು ನಕ್ಕು ಸ್ಟೂಲಿನ ಮೇಲೆ ಕುಸಿದಳು. ಏನೆಂದು ತಿಳಿಯದ ಜುಮಾನಾ, ಅರ್ಧ ಬೆವರು ಒರೆಸಿಕೊಂಡು ಅವಳೂ ನಗತೊಡಗಿದಳು. ಆ ದಿನ ಕತ್ತಲಾಗುವವರೆಗೆ ಪರದೆ ಒಮ್ಮೆಯೂ ಕಪ್ಪಾಗಲಿಲ್ಲ. ಮುಸುಕಿಗೆಂದು ತಂದಿದ್ದ ನೆಟ್ಟಿನ ತುಂಡಿನಲ್ಲಿ ಕಂಪ್ಯೂಟರಿಗೆ ಬೇರೆ ಉಡುಪು ತಯಾರಾಯಿತು, ಅದೂ ಅಂಗಡಿ ಮುಚ್ಚಿದ ಮೇಲೆ ಮಾತ್ರ ತೊಡಿಸುವುದಕ್ಕೆ.

ಕಾರ್ಕಳದ ಮದುವೆ ಹಾಲ್‌ನಲ್ಲಿ ಜುಮಾನಾ ಹೆಂಗಸರ ನಡುವೆ ಬಂದು ಕೂತಾಗ ಮುಸುಕಿನ ಮೇಲೆ ನೇರಳೆ ಹೂಗಳು ತುಂಬಿದ್ದವು. ಇದು ಯಾವ ಹೂವು ಎಂದು ಎಲ್ಲರಿಗೂ ಕುತೂಹಲ. ಒಬ್ಬರು ಕಾಶ್ಮೀರದ್ದು ಎಂದರು, ಇನ್ನೊಬ್ಬರು ಟರ್ಕಿಯದ್ದು ಎಂದರು. ಝೈನಬ್ ಎದೆ ಉಬ್ಬಿಸಿಕೊಂಡು, "ಎಂತ ಟರ್ಕಿ? ನಮ್ಮ ಗುಳ್ಳದ್ದು. ನಾವೇ ಹೇಳಿ ಮಾಡಿಸಿದ್ದು" ಎಂದಳು. ಮೂಲೆಯಲ್ಲಿ ಬಿರಿಯಾನಿ ಮೆಲ್ಲುತ್ತಿದ್ದ ಜುವೈರಿಯಾಳಿಗೆ ಆ 'ನಾವೇ' ಕೇಳಿಯೂ ಬೇಸರವಾಗಲಿಲ್ಲ, ಹೊಟ್ಟೆ ತುಂಬುವಷ್ಟು ಸಂತೋಷವಾಯಿತು.

ನವಾಝ್ ಹೊರಡುವ ದಿನ ಬಂತು. ಅವನು ಸಾಮಾನು ಕಟ್ಟುತ್ತಿದ್ದಾಗ ಜುವೈರಿಯಾ ಲ್ಯಾಪ್‌ಟಾಪಿನ ಪೆಟ್ಟಿಗೆಯನ್ನು ತಂದು ಅವನ ಮುಂದೆ ಇಟ್ಟಳು. ಟೇಪು ಹಾಗೆಯೇ ಇತ್ತು.

"ಇದು ನನಗೆ ಬೇಡ ನವಾಝ್. ನಿನಗೆ ಅಲ್ಲಿ ಉಪಯೋಗ ಆದೀತು."

ಶಿಹಾಬ್ ಹೆಂಡತಿಯ ಮುಖ ನೋಡಿದ, ತಮ್ಮನ ಮುಖ ನೋಡಿದ. ಜುವೈರಿಯಾ ಪೆಟ್ಟಿಗೆಯನ್ನು ಹಿಂದಕ್ಕೆ ಎಳೆಯಲಿಲ್ಲ. ನವಾಝ್ ತಲೆ ಕೆರೆದುಕೊಂಡ. ಪೆಚ್ಚಾಗಿ ನಕ್ಕ. ಆಮೇಲೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಒಂದು ಪ್ರಶ್ನೆ ಕೇಳಿದ.

"ಹಾಗಾದರೆ ಬರುವ ಸಲ ನಿಮಗೆ ಎಂತ ತರಲಿ ಅತ್ತಿಗೆ?"

ಜುವೈರಿಯಾ ಕುರ್ಚಿ ಎಳೆದು ಕೂತಳು. ಸೆರಗು ಸರಿಮಾಡಿಕೊಂಡಳು. ಅವಳ ಮುಖದಲ್ಲಿ ಬಂದ ಬೆಳಕನ್ನು ನೋಡಿದ ಶಿಹಾಬ್, ಇವಳು ಆರಿಸಿ ಮುಗಿಸುವವರೆಗೆ ಇನ್ನು ತನಗೆ ನಿದ್ದೆಯಿಲ್ಲ ಎಂದು ನಿಟ್ಟುಸಿರು ಬಿಟ್ಟ.

"ಅವಸರ ಎಂತ?" ಎಂದಳು ಜುವೈರಿಯಾ. "ನಾಲ್ಕು ಕಡೆ ವಿಚಾರಿಸಿ, ಆರಿಸಿ ಹೇಳ್ತೇನೆ."